ಕರೆ ಮುಗಿಸಲು ಕೆಂಪು ಬಟನ್ನೋ, ಪವರ್ ಬಟನ್ನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪವರ್ ಬಟನ್‌ಗೆ. ಫೋನಿನ ಪಕ್ಕದಲ್ಲಿರುವ ಆ ಬಟನ್ ಒಮ್ಮೆ ಒತ್ತಿದರೆ ಕರೆ ಕಟ್ ಆಗಬೇಕು. ಸ್ಕ್ರೀನ್ ನೋಡಿ ಹುಡುಕುವ ಕೆಲಸವೇ ಇರಬಾರದು. ಹೀಗೆ ಅನ್ನಿಸಿದ್ದು ಫೋನಿಗೆ ಒಂದು ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸಿದ ಮೇಲೆ. ಅದರಿಂದಾಗಿ ಅಕ್ಕ ನನ್ನ ಜೊತೆ ಎರಡು ವಾರ ಮಾತು ಬಿಟ್ಟಿದ್ದಳು.

ಆದದ್ದು ಇಷ್ಟು. ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಜೊತೆಗೆ ಯಾರಿರಬೇಕು ಅಂತ ಅಕ್ಕನ ಹತ್ತಿರ ಮಾತಾಡುತ್ತಿದ್ದೆ. ಅವಳಿಗೆ ಬರಲು ಆಗುತ್ತಿರಲಿಲ್ಲ. "ಸರಿ ಅಕ್ಕ, ಇಡ್ತೀನಿ" ಅಂದು ಫೋನನ್ನು ಕಿವಿಯಿಂದ ತೆಗೆದೆ. ಸ್ಕ್ರೀನ್ ಕಪ್ಪಗಿತ್ತು. ಕರೆ ಅವಳ ಕಡೆಯಿಂದ ಕಟ್ ಆಗಿದೆ, ಅದಕ್ಕೇ ಸ್ಕ್ರೀನ್ ಆರಿದೆ ಅಂದುಕೊಂಡು ಫೋನನ್ನು ಮೇಜಿನ ಮೇಲಿಟ್ಟೆ. ತಮ್ಮ ಪಕ್ಕದಲ್ಲೇ ಕೂತಿದ್ದ. "ಅಕ್ಕ ಬರೀ ಮಾತಾಡೋದೇ ಆಯ್ತು, ಬೇಕಾದಾಗ ಯಾವತ್ತೂ ಬರಲ್ಲ" ಅಂದೆ. ಇನ್ನೂ ಎರಡು ಮಾತು ಜಾಸ್ತಿಯೇ ಅಂದೆ. ಅಕ್ಕನಿಗೆ ತಾನಾಗಿ ಫೋನ್ ಇಡುವ ಅಭ್ಯಾಸ ಇಲ್ಲ. ಆ ಕಡೆಯವರು ಇಡಲಿ ಅಂತ ಕಾಯುತ್ತಾಳೆ. ಆವತ್ತೂ ಕಾಯುತ್ತಿದ್ದಳು. ಅಷ್ಟನ್ನೂ ಕೇಳಿಸಿಕೊಂಡಳು.

ನಾನು ಹಾಗೆ ಮಾತಾಡಿದ್ದು ತಪ್ಪು. ಅದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಆದರೆ ಕರೆ ಯಾಕೆ ಕಟ್ ಆಗಲಿಲ್ಲ ಅನ್ನೋದನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಆಮೇಲಿನ ಮೂರು ತಿಂಗಳು ಕರೆ ಮುಗಿಸುವ ಒಂದೊಂದು ದಾರಿಯನ್ನೂ ಬಳಸಿ ನೋಡಿದೆ.

ಕೆಂಪು ಬಟನ್ ಎಲ್ಲರಿಗೂ ಗೊತ್ತಿರುವುದೇ. ಅದರಲ್ಲಿ ತೊಡಕು ಒಂದೇ, ಅದನ್ನು ಒತ್ತಬೇಕಾದರೆ ಮೊದಲು ಅದು ಕಾಣಬೇಕು. ಫೋನ್ ಕಿವಿಗೆ ಹಿಡಿದಾಗ ಸ್ಕ್ರೀನ್ ಆರುತ್ತದೆ. ಕೆನ್ನೆ ತಾಗಿ ಯಾವುದೋ ಬಟನ್ ಒತ್ತಿಹೋಗಬಾರದು ಅಂತ ಮಾಡಿರುವ ಏರ್ಪಾಡು ಅದು. ಇದನ್ನು ನಡೆಸುವುದು ಪ್ರಾಕ್ಸಿಮಿಟಿ ಸೆನ್ಸರ್. ಸಾಮಾನ್ಯವಾಗಿ ಮೇಲ್ಗಡೆ, ಮಾತು ಕೇಳುವ ಸ್ಪೀಕರಿನ ಹತ್ತಿರ ಇರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ. ಆ ಬೆಳಕು ಏನಕ್ಕಾದರೂ ತಾಗಿ ವಾಪಸ್ ಬಂದರೆ ಕಿವಿ ಹತ್ತಿರವಿದೆ ಅಂತ ಲೆಕ್ಕ. ವಾಪಸ್ ಬರದಿದ್ದರೆ ಫೋನ್ ದೂರ ಹೋಯಿತು, ಸ್ಕ್ರೀನ್ ಹೊತ್ತಿಸಬಹುದು ಅಂತ ಲೆಕ್ಕ.

ಈಗ ಆ ಸೆನ್ಸರಿನ ಮೇಲೆ ಸರಿಯಾಗಿ ಕೂರದ ಗ್ಲಾಸ್ ಇದೆ ಅಂದುಕೊಳ್ಳಿ. ಬೆಳಕು ಗ್ಲಾಸಿಗೇ ತಾಗಿ ಹಿಂದಕ್ಕೆ ಬರುತ್ತದೆ. ಅಂಟಿನ ಅಂಚು, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ, ಬೆವರು, ಧೂಳು, ಯಾವುದಾದರೂ ಸಾಕು. ಫೋನ್ ಮೇಜಿನ ಮೇಲಿದ್ದರೂ ಅದರ ಪಾಲಿಗೆ ಇನ್ನೂ ಕಿವಿಯ ಹತ್ತಿರವೇ ಇದೆ. ಸ್ಕ್ರೀನ್ ಕಪ್ಪಗೇ ಉಳಿಯುತ್ತದೆ, ಕರೆ ನಡೆಯುತ್ತಲೇ ಇರುತ್ತದೆ. ಕೆಂಪು ಬಟನ್ ಇರುವ ಜಾಗದಲ್ಲಿ ಕುರುಡಾಗಿ ಒತ್ತಿದರೂ ಏನೂ ಆಗುವುದಿಲ್ಲ. ಸ್ಕ್ರೀನ್ ಆರಿದಾಗ ಟಚ್ ಕೂಡ ಕೆಲಸ ಮಾಡುವುದಿಲ್ಲವಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲೇ. ಈ ತೊಂದರೆ ಯಾವಾಗಲೂ ಬರುತ್ತಿರಲಿಲ್ಲ. ಬೆಳಗ್ಗೆ ಸರಿಯಾಗಿರುತ್ತಿತ್ತು. ಬಿಸಿಲಲ್ಲಿ ನಡೆದು ಬಂದು, ಕೆನ್ನೆ ಬೆವೆತಿದ್ದಾಗ ಮಾತಾಡಿದರೆ ಕೈ ಕೊಡುತ್ತಿತ್ತು. ಹಾಗಾಗಿ ಗ್ಲಾಸಿನ ಮೇಲೆ ಅನುಮಾನ ಬರಲು ತುಂಬಾ ದಿನ ಹಿಡಿಯಿತು. ಫೋನ್ ರೀಸ್ಟಾರ್ಟ್ ಮಾಡಿದೆ. ಅಪ್‌ಡೇಟ್ ಮಾಡಿದೆ. ಫೋನ್ ಆ್ಯಪಿನ ಕ್ಯಾಶ್, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಡೇಟಾ, ಅಳಿಸಿದೆ. ಕೊನೆಗೆ ಒಂದು ದಿನ ಯಾರಿಗೋ ಕರೆ ಹೋಗುತ್ತಿರುವಾಗ ಮೇಲಿನ ಅಂಚನ್ನು ಒಣ ಬಟ್ಟೆಯಿಂದ ಒರೆಸಿದೆ, ತಟ್ಟನೆ ಸ್ಕ್ರೀನ್ ಬಂತು!

ನಿಮ್ಮ ಫೋನನ್ನೂ ಪರೀಕ್ಷೆ ಮಾಡಬೇಕಾ? ಸುಲಭ. ಕರೆ ನಡೆಯುವಾಗ ಫೋನನ್ನು ಕೈಯಲ್ಲೇ ಹಿಡಿದು, ಮೇಲಿನ ಭಾಗಕ್ಕೆ ಬೆರಳು ಅಡ್ಡ ಇಡಿ. ಸ್ಕ್ರೀನ್ ಆರಬೇಕು. ಬೆರಳು ತೆಗೆದ ಕೂಡಲೇ ಬರಬೇಕು. ಬರದಿದ್ದರೆ ಒರೆಸಿ. ಆಗಲೂ ಬರದಿದ್ದರೆ ಗ್ಲಾಸ್ ಕಿತ್ತು ನೋಡಿ. ಇನ್ನೊಂದು ವಿಷಯ. ಕೆಲವು ಫೋನುಗಳಲ್ಲಿ ಬೆಳಕಿನ ಸೆನ್ಸರೇ ಇರುವುದಿಲ್ಲ. ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚು ಫ್ರೀಕ್ವೆನ್ಸಿಯ ಶಬ್ದ ಬಿಟ್ಟು, ಅದು ಹಿಂದಕ್ಕೆ ಬರುವುದನ್ನು ಮೈಕಿನಲ್ಲಿ ಹಿಡಿದು ದೂರ ಅಂದಾಜು ಮಾಡುತ್ತವೆ. ಅಂಥ ಫೋನಿನಲ್ಲಿ ಒರೆಸಿದರೂ ಜಾಸ್ತಿ ಪ್ರಯೋಜನ ಆಗದೇ ಇರಬಹುದು.

ಕರೆಯ ಮಧ್ಯೆ ಸ್ಕ್ರೀನ್ ಕಪ್ಪಗಾಗಿ ಸಿಕ್ಕಿಕೊಂಡರೆ ಒಂದು ಉಪಾಯ ಇದೆ. ತಂತಿ ಇರುವ ಇಯರ್‌ಫೋನ್ ಸಿಕ್ಕಿಸಿ. ಧ್ವನಿ ಆ ಕಡೆ ಹೋದಾಗ ಸೆನ್ಸರಿಗೆ ಕೆಲಸ ಇರುವುದಿಲ್ಲ. ಸ್ಕ್ರೀನ್ ಬರುತ್ತದೆ, ಕೆಂಪು ಬಟನ್ ಸಿಗುತ್ತದೆ. ನಾನು ಒಂದು ವಾರ ಹೀಗೇ ಕಳೆದೆ.

ಕೆಂಪು ಬಟನ್‌ಗೆ ಇನ್ನೂ ಎರಡು ಸಣ್ಣ ತೊಡಕುಗಳಿವೆ. ಬೆರಳು ಒದ್ದೆಯಾಗಿದ್ದರೆ ಟಚ್ ಸರಿಯಾಗಿ ಹಿಡಿಯುವುದಿಲ್ಲ. ಅಪ್‌ಡೇಟ್ ಬಂದಾಗ ಬಟನ್ ಜಾಗ ಬದಲಾಗಬಹುದು, ಬೆರಳು ಮಾತ್ರ ಹಳೇ ಜಾಗಕ್ಕೇ ಹೋಗುತ್ತದೆ. 2023ರಲ್ಲಿ ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್ 17ರ ಪರೀಕ್ಷಾ ಆವೃತ್ತಿಯಲ್ಲಿ ಅದನ್ನು ಬಲಕ್ಕೆ ಸರಿಸಿದಾಗ ಜನ ಎಷ್ಟು ಗಲಾಟೆ ಮಾಡಿದರು ಅಂದರೆ, ಕೊನೆಗೆ ಮತ್ತೆ ನಡುವಿಗೆ ತಂದರು.

ಅಮ್ಮನ ವಿಷಯ ಬೇರೆಯೇ. ಅವರು ಮಾತು ಮುಗಿದ ಮೇಲೆ ಹೋಮ್ ಒತ್ತುತ್ತಿದ್ದರು. ಕರೆಯ ಪರದೆ ಮಾಯವಾಗುತ್ತಿತ್ತು, ಕರೆ ಮುಗಿಯಿತು ಅಂದುಕೊಳ್ಳುತ್ತಿದ್ದರು. ಹೋಮ್ ಒತ್ತಿದರೆ ಕರೆ ಹಿಂದಕ್ಕೆ ಹೋಗುತ್ತದೆ ಅಷ್ಟೇ, ಕಟ್ ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದರೆ ಇದೊಂದನ್ನು ದಯವಿಟ್ಟು ಕೂತು ಹೇಳಿಕೊಡಿ. ಮೇಲಿನಿಂದ ನೋಟಿಫಿಕೇಶನ್ ಎಳೆದರೆ ಅಲ್ಲಿ ಕಟ್ ಮಾಡುವ ಬಟನ್ ಸಿಗುತ್ತದೆ. ಆದರೆ ಅಮ್ಮನಿಗೆ ಎಳೆಯುವ ಆ ಕೆಲಸ ಕಷ್ಟ.

ಇನ್ನು ಪವರ್ ಬಟನ್. ಆಂಡ್ರಾಯ್ಡ್ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ, ಪವರ್ ಬಟನ್‌ನಿಂದ ಕರೆ ಮುಗಿಸುವ ಆಯ್ಕೆ ಇರುತ್ತದೆ. ಕೆಲವು ಕಂಪನಿಗಳು ಅದನ್ನು ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಇಟ್ಟಿರುತ್ತವೆ. ಐಫೋನಿನಲ್ಲಿ ಪಕ್ಕದ ಬಟನ್ ಮೊದಲಿನಿಂದಲೂ ಈ ಕೆಲಸ ಮಾಡುತ್ತದೆ. ಬೇಡ ಅನ್ನುವವರಿಗೆ ಆಫ್ ಮಾಡುವ ಆಯ್ಕೆ 2022ರಲ್ಲಿ ಐಒಎಸ್ 16ರ ಜೊತೆ ಬಂತು.

ಆನ್ ಮಾಡಿದ ದಿನವೇ ನನಗೆ ನೆಮ್ಮದಿ ಆಯಿತು. ಫೋನ್ ಕಿವಿಯ ಹತ್ತಿರ ಇರುವಾಗಲೇ ಹೆಬ್ಬೆರಳು ಬಟನ್ ಮೇಲೆ ಇರುತ್ತದೆ. "ಇಡ್ತೀನಿ" ಅಂದ ಕೂಡಲೇ ಒತ್ತುತ್ತೇನೆ. ಸೆನ್ಸರ್ ಸ್ಕ್ರೀನ್ ಆರಿಸಿದ್ದರೂ ಪರವಾಗಿಲ್ಲ, ಮೊದಲ ಒತ್ತಿಗೇ ಕರೆ ಕಟ್. ಕೈ ಒದ್ದೆ ಇದ್ದರೂ ಆಗುತ್ತದೆ. ಹಳೇ ಲ್ಯಾಂಡ್‌ಲೈನಿನಲ್ಲಿ ರಿಸೀವರ್ ಕೆಳಗಿಟ್ಟರೆ ಅದರ ಭಾರಕ್ಕೆ ಕೆಳಗಿನ ಸ್ವಿಚ್ ಒತ್ತಿಕೊಳ್ಳುತ್ತಿತ್ತು, ಅಲ್ಲಿಗೆ ಮುಗಿಯಿತು. ನಾವು ಈಗಲೂ "ಫೋನ್ ಇಡ್ತೀನಿ" ಅನ್ನುವುದು ಅದಕ್ಕೇ ಅಲ್ವಾ? ಮುಗಿಯಿತು ಅಂತ ಕೈಗೇ ಗೊತ್ತಾಗುವ ಆ ಸುಖ ಇಷ್ಟು ವರ್ಷದ ಮೇಲೆ ಮತ್ತೆ ಸಿಕ್ಕಿತು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಕಸ್ಟಮರ್ ಕೇರಿನಲ್ಲಿ 25 ನಿಮಿಷ ಕಾದು, ಕೊನೆಗೆ ಒಬ್ಬರು ಮಾತಿಗೆ ಸಿಕ್ಕಿದರು. ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದೆ. ಬೆರಳು ಬಟನ್‌ಗೆ ತಾಗಿ ಕರೆ ಹೋಯಿತು. ಆವತ್ತು ತುಂಬಾ ಬೇಜಾರಾಯಿತು. ಈಗ ಅಂಥ ಕರೆ ಬಂದರೆ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಅಲ್ಲೂ ಒಂದು ಹುಷಾರು ಬೇಕು. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಸ್ಪೀಕರ್ ಹಾಕಿದ್ದಾಗಲೂ ಪವರ್ ಬಟನ್ ಕರೆಯನ್ನು ಕಟ್ ಮಾಡುತ್ತದೆ. ಸ್ಕ್ರೀನ್ ತಾನಾಗಿ ಆರಿದ್ದರೆ ಮಾತ್ರ ಮೊದಲ ಒತ್ತಿಗೆ ಸ್ಕ್ರೀನ್ ಬರುತ್ತದೆ, ಎರಡನೆಯದಕ್ಕೆ ಕಟ್. ಐಫೋನಿನಲ್ಲಿ ಸ್ಪೀಕರ್ ಅಥವಾ ಇಯರ್‌ಫೋನ್ ಇದ್ದರೆ ಬಟನ್ ಸ್ಕ್ರೀನನ್ನು ಲಾಕ್ ಮಾಡುತ್ತದೆ, ಕರೆ ಉಳಿಯುತ್ತದೆ. ಇದು ನನಗೆ ಐಫೋನಿನದೇ ಸರಿ ಅನ್ನಿಸಿತು.

ಇಂಟರ್ನೆಟ್ ಮೇಲೆ ಬರುವ ಆ್ಯಪ್ ಕರೆಗಳಿಗೆ ನನ್ನ ಫೋನಿನಲ್ಲಿ ಪವರ್ ಬಟನ್ ನಡೆಯುವುದಿಲ್ಲ. ಅಲ್ಲಿ ಮತ್ತೆ ಕೆಂಪು ಬಟನ್ನೇ ಗತಿ.

ಇಯರ್‌ಫೋನ್ ತಂತಿಯ ಬಟನ್ ಚೆನ್ನಾಗಿದೆ. ಒಂದು ಸಲ ಒತ್ತಿದರೆ ಮುಗಿಯಿತು. ಎರಡನೇ ಸ್ಥಾನ ಅದಕ್ಕೆ. ತಂತಿ ಇಲ್ಲದವು ನನಗೆ ಗೊಂದಲ. ಒಂದರಲ್ಲಿ ಒಮ್ಮೆ ತಟ್ಟಬೇಕು, ಇನ್ನೊಂದರಲ್ಲಿ ಎರಡು ಸಲ, ಮತ್ತೊಂದರಲ್ಲಿ ಒತ್ತಿ ಹಿಡಿಯಬೇಕು. ಐಒಎಸ್ 17 ಬಂದ ಮೇಲೆ ಕೆಲವು ಏರ್‌ಪಾಡ್‌ಗಳಲ್ಲಿ ಒಮ್ಮೆ ಒತ್ತಿದರೆ ಮ್ಯೂಟ್, ಎರಡು ಸಲ ಒತ್ತಿದರೆ ಕಟ್ ಅಂತಾಯಿತು. ಕಟ್ ಆಯಿತೋ ಬರೀ ಮ್ಯೂಟ್ ಆಯಿತೋ ಅನ್ನುವ ಅನುಮಾನ ಉಳಿಯುವ ದಾರಿ ನನಗೆ ಬೇಡ.

ಬಾಯಿಮಾತಿನಲ್ಲಿ ಕಟ್ ಮಾಡುವುದೂ ಇದೆ. ಐಒಎಸ್ 16ರಿಂದ ಐಫೋನಿನ ಧ್ವನಿ ಸಹಾಯಕ ಸಿರಿಗೆ ಹೇಳಿದರೆ ಕರೆ ಮುಗಿಸುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿರಬೇಕು. ಆದರೆ ನೀವು ಹೇಳಿದ್ದು ಆ ಕಡೆಯವರಿಗೂ ಕೇಳಿಸುತ್ತದೆ. ಸ್ನೇಹಿತರ ಫೋನಿನಲ್ಲಿ ಒಮ್ಮೆ ನೋಡಿದೆ. ಅಷ್ಟು ಹೊತ್ತು ಮಾತಾಡಿದವರ ಎದುರು ಯಂತ್ರಕ್ಕೆ "ಕಟ್ ಮಾಡು" ಅನ್ನಲು ಮನಸ್ಸು ಬರಲಿಲ್ಲ. ಕೈ ಆಡಿಸಲು ಆಗದವರಿಗೆ ಇದು ನಿಜವಾಗಿಯೂ ಬೇಕಾದದ್ದು.

ಸ್ಮಾರ್ಟ್‌ವಾಚಿನಿಂದಲೂ ಕಟ್ ಮಾಡಬಹುದು, ಆದರೆ ಅದನ್ನು ಕೊಳ್ಳಲಿಲ್ಲ. ಕರೆ ಕಟ್ ಮಾಡಲು ಇನ್ನೊಂದು ವಸ್ತುವಿಗೆ ದುಡ್ಡು ಹಾಕುವುದು ನನ್ನ ಬಜೆಟ್ಟಿಗೆ ಸರಿಹೋಗಲ್ಲ.

ನನ್ನ ಕರೆಗಳು ಹತ್ತರಲ್ಲಿ ಎಂಟು ಕಿವಿಗೆ ಹಿಡಿದೇ ಆಗುತ್ತವೆ. ಜೊತೆಗೆ ಏನಾದರೂ ಕೆಲಸ ಮಾಡುತ್ತಲೇ ಇರುತ್ತೇನೆ. ಪವರ್ ಬಟನ್‌ಗೆ ಖರ್ಚೂ ಇಲ್ಲ. ದಿನವಿಡೀ ಸ್ಪೀಕರಿನಲ್ಲೇ ಮಾತಾಡುವವರಾದರೆ ಕೆಂಪು ಬಟನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಲಾಕ್ ಮಾಡಲು ಹೋಗಿ ಕರೆ ಕಟ್ ಮಾಡಿಕೊಳ್ಳುತ್ತೀರಿ.

ಗ್ಲಾಸ್ ಬದಲಾಯಿಸಿದೆ. ಈ ಸಲ ಮೇಲ್ಗಡೆ ಸೆನ್ಸರಿಗೆ ಜಾಗ ಬಿಟ್ಟು ಕತ್ತರಿಸಿದ್ದನ್ನು ಹಾಕಿಸಿದೆ. ಅಮ್ಮನ ಆಪರೇಷನ್ ದಿನ ಅಕ್ಕ ಬಂದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳ ಫೋನಿನಲ್ಲೂ, ಅಮ್ಮನ ಫೋನಿನಲ್ಲೂ ಆ ಸೆಟ್ಟಿಂಗ್ ಆನ್ ಮಾಡಿಕೊಟ್ಟೆ. ಅಮ್ಮ ಈಗ ಪಕ್ಕದ ಬಟನ್ ಒತ್ತಿಯೇ ಕಟ್ ಮಾಡುತ್ತಾರೆ. ಅಕ್ಕ ಮಾತ್ರ ಇವತ್ತಿಗೂ ನಾನೇ ಇಡಲಿ ಅಂತ ಕಾಯುತ್ತಾಳೆ. ನಾನು ಒತ್ತಿ, ಸ್ಕ್ರೀನ್ ತಿರುಗಿಸಿ, ಕರೆಯ ಸಮಯ ನಿಂತಿದೆಯಾ ಅಂತ ನೋಡಿ, ಆಮೇಲೆ ಫೋನನ್ನು ಕೆಳಗಿಡುತ್ತೇನೆ.