ವಿಂಡ್‌ಶೀಲ್ಡ್ ಕೊಯ್ದುಕೊಡುವ ಮೈಸೂರಿನ ಬೋರ್ಡ್ ಅಂಗಡಿ: ಕೈಕೆಲಸ ಚೆನ್ನ, ಅಳತೆ ನಿಮ್ಮದೇ ಇರಲಿ

ಅಂಗಡಿ ಬೋರ್ಡುಗಳಿಗೆ ಅಕ್ರಿಲಿಕ್ ಅಕ್ಷರ ಕೊರೆಯುವುದು ಇವರ ಕಸುಬು. ಬೈಕಿನ ಉದ್ದನೆಯ ಟೂರಿಂಗ್ ವಿಂಡ್‌ಶೀಲ್ಡ್ ಬಿಚ್ಚಿ ತಂದುಕೊಟ್ಟರೆ ಅದನ್ನೂ ಕೊಯ್ದು ಗಿಡ್ಡ ಮಾಡಿಕೊಡುತ್ತಾರೆ. ಕೈಕೆಲಸಕ್ಕೆ ಐದಕ್ಕೆ ನಾಲ್ಕೂವರೆ. ಅಳತೆಗೆ ಎರಡು ಕೊಟ್ಟರೂ ಹೆಚ್ಚೇ.

ಬೈಕ್ ಸಮೇತ ಹೋದರೆ ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಬರಿತಲೆಯಲ್ಲಿ ಕೂರಿಸಿ, ಕಣ್ಣಿನ ನೇರಕ್ಕೆ ಗೆರೆ ಎಳೆಯುತ್ತಾರೆ. ಅಲ್ಲಿಗೆ ಕೊಯ್ದರೆ ಅಂಚು ಸದಾ ನೋಟದ ನಡುವೆಯೇ. ರಾತ್ರಿ ಮಳೆಯಲ್ಲಿ ಹನಿ ಕೂತ ಪ್ಲಾಸ್ಟಿಕ್ ಮೇಲೆ ಎದುರಿನ ಹೆಡ್‌ಲೈಟ್ ಬಿದ್ದರಂತೂ ರಸ್ತೆಯೇ ಮಾಯ. ವಿಂಡ್‌ಶೀಲ್ಡ್ ಮೇಲಿಂದ ನೋಡಬೇಕು, ಒಳಗಿಂದಲ್ಲ.

ಹಾಗಾಗಿ ಗೆರೆಯನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ. ಬೈಕ್ ಎರಡೂ ಚಕ್ರದ ಮೇಲೆ ನೆಟ್ಟಗಿರಬೇಕು, ಹಿಂದಿನಿಂದ ಒಬ್ಬರು ಹಿಡಿದುಕೊಂಡಿರಲಿ. ಹೆಲ್ಮೆಟ್ ಹಾಕಿ, ದೂರದ ಓಟಕ್ಕೆ ಕೂರುವ ಹಾಗೆಯೇ ಕೂತು, ಮೂಗಿನ ತುದಿಯ ನೇರಕ್ಕೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿಸಿ. ಟೇಪಿನ ಮೇಲಿಂದ ನೋಡಿದರೆ 15-20 ಮೀಟರ್ ಮುಂದಿನ ನೆಲ ಕಂಡರೆ ಸರಿ. ಟೇಪ್ ಸಮೇತ ಮಂಡ್ಯದವರೆಗೆ ಹೋಗಿಬನ್ನಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲವಲ್ಲ, ಸರ್ವಿಸ್ ರಸ್ತೆಯ ಹಂಪುಗಳೇ ಒಳ್ಳೆಯ ಪರೀಕ್ಷೆ.

ಆದರೆ ಟೇಪು ನೋಟವನ್ನಷ್ಟೇ ಹೇಳುತ್ತದೆ, ಗಾಳಿಯನ್ನಲ್ಲ. ಬಹಳಷ್ಟು ವಿಂಡ್‌ಶೀಲ್ಡ್‌ಗಳ ಮೇಲಂಚು ತುಸು ಹೊರಕ್ಕೆ ಬಾಗಿರುತ್ತದೆ. ಗಾಳಿಯನ್ನು ಹೆಲ್ಮೆಟ್ ಮೇಲಕ್ಕೆ ಎಸೆಯುವುದು ಆ ಬಾಗೇ. ಅದು ಹೋದರೆ 40 ಮಿ.ಮೀ. ಕೊಯ್ದದ್ದು ಇನ್ನೂ ಹೆಚ್ಚು ಕೊಯ್ದ ಹಾಗೆ, ಹೆಲ್ಮೆಟ್ ಗಡಗಡ ಅಲುಗಲು ಶುರು. ಅದಕ್ಕೇ ಮೊದಲ ಸಲ 20 ಮಿ.ಮೀ. ಸಾಕು. ನಂಜನಗೂಡು ರಸ್ತೆಯಲ್ಲಿ ಓಡಿಸಿ ನೋಡಿ ಮತ್ತೆ ಬನ್ನಿ. ಎರಡು ಸಲ ಬಂದರೆ ಇವರು ಗೊಣಗುತ್ತಾರೆ, ಗೊಣಗಲಿ.

ಇನ್ನು ಕೊಯ್ಯುವ ಕೆಲಸ. ಎರಡೂ ಮೈಗೆ ಮಾಸ್ಕಿಂಗ್ ಟೇಪ್. ನಡುವೆ ಮಡಚಿ ಕತ್ತರಿಸಿದ ರಟ್ಟಿನ ಅಚ್ಚಿಟ್ಟು ಗೆರೆ ಎಳೆಯುವುದರಿಂದ ಎಡಬಲ ಒಂದೇ ಸಮ. ಜಿಗ್‌ಸಾಗೆ ಸಣ್ಣ ಹಲ್ಲಿನ ಬ್ಲೇಡ್ ಹಾಕಿ ನಿಧಾನಕ್ಕೆ ಬಿಡುತ್ತಾರೆ. ವೇಗವಾದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಬೆಸೆದುಕೊಳ್ಳುತ್ತದೆ. ಗೆರೆಗಿಂತ 3 ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಅರದಲ್ಲಿ ಉಜ್ಜಿ, 220, 400, 600 ನಂಬರಿನ ವಾಟರ್ ಪೇಪರ್ ಆಡಿಸುತ್ತಾರೆ. ಅಂಚಿನ ಮೇಲೆ ಉಗುರು ಎಳೆದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಇದು ಬರೀ ಅಂದಕ್ಕಲ್ಲ: ಅಕ್ರಿಲಿಕ್‌ನಲ್ಲಿ ಬಿರುಕು ಹೊರಡುವುದೇ ಅಂಚಿನಲ್ಲಿ ಉಳಿದ ಚಕ್ಕೆಯಿಂದ.

ಒಂದು ಎಚ್ಚರಿಕೆ. ಅಕ್ಷರದ ಅಂಚಿಗೆ ಬೆಂಕಿ ತೋರಿಸಿ ಹೊಳಪು ಬರಿಸುವ ರೂಢಿ ಇವರದು. ಅಕ್ರಿಲಿಕ್‌ಗೆ ಅದು ನಡೆಯುತ್ತದೆ, ವಿಂಡ್‌ಶೀಲ್ಡ್ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್‌ನದಾದರೆ ಗುಳ್ಳೆ ಏಳುತ್ತದೆ. ಮೊದಲು ಕೊಯ್ದ ಪಟ್ಟಿಯನ್ನು ಬಗ್ಗಿಸಿ ನೋಡಿ: ಲಟಕ್ಕನೆ ಮುರಿದರೆ ಅಕ್ರಿಲಿಕ್, ಮುರಿಯದೆ ಮಡಚಿಕೊಂಡರೆ ಪಾಲಿಕಾರ್ಬೊನೇಟ್. ಟೇಪಿನ ಅಂಟು ತೆಗೆಯಲು ಪೆಟ್ರೋಲ್, ಥಿನ್ನರ್ ಮುಟ್ಟಿಸಲು ಬಿಡಬೇಡಿ, ಸೋಪುನೀರು ಸಾಕು. ವಾಪಸ್ ಕೂರಿಸುವಾಗ ರಬ್ಬರ್ ವಾಷರ್ ಮರೆಯದೆ ಹಾಕಿ, ಬೋಲ್ಟನ್ನು ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಕಾಲು ಸುತ್ತು ಮಾತ್ರ.