ಲಿನ್ಯಾನೊದಲ್ಲಿ ಮನೆ ಬಾಡಿಗೆಗೆ ಹಿಡಿಯುವ ಮುನ್ನ: ‘ನೀರಿಗೆ 200 ಮೀಟರ್’, ಆದರೆ ಯಾವ ನೀರಿಗೆ?

ಬೇಸಿಗೆ ರಜೆಗೆ ಮ್ಯೂನಿಕ್, ವಿಯೆನ್ನಾ ಕಡೆಯಿಂದ ಇಟಲಿಯ ಲಿನ್ಯಾನೊ ಸಬ್ಬಿಯಾದೊರೊಗೆ ಕಾರಿನಲ್ಲಿ ಹೊರಡುವ ನಮ್ಮವರು ಮುಂಗಡ ಕಟ್ಟುವ ಮೊದಲು ಇದನ್ನು ಓದಿ. ಊರಿನ ಮೇಲೆ ನನಗೆ ಸಿಟ್ಟಿಲ್ಲ. ಸುಮಾರು 8 ಕಿಲೋಮೀಟರ್ ಉದ್ದದ ಮರಳಿನ ದಂಡೆ, ಚಿಕ್ಕ ಮಕ್ಕಳನ್ನು ಧೈರ್ಯವಾಗಿ ಬಿಡಬಹುದಾದಷ್ಟು ಆಳವಿಲ್ಲದ ಕಡಲು. ಸಿಟ್ಟೆಲ್ಲ ನಮಗೆ ಮನೆ ಕೊಟ್ಟ ಬಾಡಿಗೆ ಏಜೆನ್ಸಿಯ ಮೇಲೆ.

ಜಾಹೀರಾತಿನಲ್ಲಿ ‘ನೀರಿಗೆ 200 ಮೀಟರ್’ ಎಂದಿತ್ತು, ಪಕ್ಕದಲ್ಲಿ ಕಡಲಿನ ಫೋಟೊ. ಲಿನ್ಯಾನೊ ಇರುವುದು ಪರ್ಯಾಯ ದ್ವೀಪದ ಮೇಲೆ. ದಕ್ಷಿಣಕ್ಕೆ ಏಡ್ರಿಯಾಟಿಕ್ ಸಮುದ್ರ, ಉತ್ತರಕ್ಕೆ ಮರಾನೊ ಲಗೂನ್ (ಕಡಲಿಗೆ ಅಂಟಿಕೊಂಡ, ಆಳವಿಲ್ಲದ ಉಪ್ಪುನೀರಿನ ಹಿನ್ನೀರು), ಪಶ್ಚಿಮಕ್ಕೆ ತಾಲ್ಯಮೆಂತೊ ನದಿಯ ಅಳಿವೆ. ನಮ್ಮ ಮನೆ ಇದ್ದದ್ದು ದೋಣಿಗಳು ನಿಲ್ಲುವ ಲಗೂನ್ ಬದಿಯಲ್ಲಿ. ಅಲ್ಲಿ ಈಜುವ ಮಾತೇ ಇಲ್ಲ. ಸಂಜೆಯಾದರೆ ಕೆಸರಿನ ವಾಸನೆ, ಸೊಳ್ಳೆ. ಕಡಲಿಗೆ ಹೋಗಬೇಕೆಂದರೆ ಆಗಸ್ಟ್ ಬಿಸಿಲಿನಲ್ಲಿ ಮಗುವಿನ ತಳ್ಳುಗಾಡಿ, ಬುತ್ತಿ, ಟವೆಲುಗಳ ಸಮೇತ ಇಡೀ ಊರನ್ನು ಅಡ್ಡಲಾಗಿ ದಾಟಬೇಕು. ಕೇಳಿದರೆ ಕೌಂಟರಿನಲ್ಲಿದ್ದ ಮಹಿಳೆ, “ಅದೂ ನೀರೇ ಅಲ್ಲವೇ?” ಎಂದು ನಕ್ಕರು. ಆಗಸ್ಟ್ 15ರ ಫೆರ್ರಗೊಸ್ತೊ ಹಬ್ಬದ ವಾರ ಅದು. ಬೇರೆಲ್ಲೂ ಕೋಣೆ ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಹಾಗಾಗಿ ವಿಳಾಸ ಕೇಳಿ, ನಕ್ಷೆಯಲ್ಲಿ ನೀವೇ ನಡಿಗೆಯ ದಾರಿ ಅಳೆಯಿರಿ. ಪಿನೆತಾ ಭಾಗದಲ್ಲಿ ಇದು ಇನ್ನೂ ಮುಖ್ಯ. 1950ರ ದಶಕದಲ್ಲಿ ವಾಸ್ತುಶಿಲ್ಪಿ ಮಾರ್ಚೆಲ್ಲೊ ದೊಲಿವೊ ಅಲ್ಲಿನ ರಸ್ತೆಗಳನ್ನು ಸುರುಳಿಯಾಗಿ ಯೋಜಿಸಿದರು. ನೋಡಲು ಚೆಂದ, ಆದರೆ ನೇರ ಗೆರೆ ಎಳೆದು ಹೇಳುವ ದೂರವನ್ನು ಅಲ್ಲಿ ನಂಬುವಂತಿಲ್ಲ.

ಕೀಲಿ ಕೊಡುವಾಗ ಹೊಸ ಲೆಕ್ಕ ಶುರುವಾಯಿತು. ಕೊನೆಯ ದಿನದ ಶುಚಿಗೊಳಿಸುವಿಕೆಗೆ ಬೇರೆ, ಹಾಸಿಗೆಯ ಹೊದಿಕೆಗಳಿಗೆ ಬೇರೆ. ಪ್ರವಾಸಿ ತೆರಿಗೆ ಪುರಸಭೆಯದ್ದು, ಅದಕ್ಕೆ ತಕರಾರಿಲ್ಲ. ಅದರ ಮೇಲೆ 250 ಯೂರೊ ಠೇವಣಿ, ನಗದಾಗಿಯೇ ಬೇಕಂತೆ. ರಸೀದಿ ಕೇಳಿದರೆ ಯಂತ್ರ ಕೆಟ್ಟಿದೆ ಎಂಬ ಉತ್ತರ. ಹೊರಡುವ ಶನಿವಾರ ಬೆಳಿಗ್ಗೆ ಬಂದ ಹುಡುಗ ನೇರವಾಗಿ ಮಲಗುವ ಕೋಣೆಯ ಕಿಟಕಿಗೆ ಹೋಗಿ, ಸುರುಳಿ ಬಾಗಿಲಿನ ಒಂದು ಪಟ್ಟಿ ಮುರಿದಿದೆ ಎಂದು ತೋರಿಸಿದ. ಬೇರೆ ಯಾವುದನ್ನೂ ನೋಡಲಿಲ್ಲ! ಅದು ನಾವು ಬಂದಾಗಲೇ ಮುರಿದಿತ್ತು. “ದುರಸ್ತಿಯ ಖರ್ಚು ಕಳೆದು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತೇವೆ” ಎಂದರು. ಒಂದು ಸೆಂಟೂ ಬಂದಿಲ್ಲ, ಇಮೇಲ್‌ಗಳಿಗೆ ಉತ್ತರವೂ ಇಲ್ಲ.

2025ರ ಆರಂಭದಿಂದ ಇಟಲಿಯಲ್ಲಿ ಇಂಥ ಪ್ರತಿ ಬಾಡಿಗೆ ಮನೆಗೂ ‘ಸಿಐಎನ್’ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಅದು ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಕಾಣಬೇಕು. ಇಲ್ಲದಿದ್ದರೆ ಆ ಮನೆಯ ಸಹವಾಸವೇ ಬೇಡ. ಬುಕಿಂಗ್ ತಾಣವನ್ನು ಬಿಟ್ಟು ನೇರವಾಗಿ ಖಾತೆಗೆ ಹಣ ಹಾಕಿ ಎಂದರೂ ಅಷ್ಟೇ. ಠೇವಣಿಯನ್ನು ಕಾರ್ಡಿನಲ್ಲೇ ಕೊಡುತ್ತೇವೆಂದು ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ, ಪೆಟ್ಟಿಗೆ ಬಿಚ್ಚುವ ಮೊದಲು, ಕಿಟಕಿ, ನಲ್ಲಿ, ಒಲೆ ಎಲ್ಲದರ ವಿಡಿಯೊ ಮಾಡಿ ಏಜೆನ್ಸಿಗೆ ಅಂದೇ ಕಳುಹಿಸಿ.

ಹಣ ಸಿಕ್ಕಿಹಾಕಿಕೊಂಡಿದ್ದರೆ, ಜರ್ಮನಿಯಲ್ಲಿರುವವರು ಕೆಹ್ಲ್ ಪಟ್ಟಣದ ಯುರೋಪಿಯನ್ ಗ್ರಾಹಕ ಕೇಂದ್ರಕ್ಕೆ ಬರೆಯಬಹುದು. ಗಡಿಯಾಚೆಯ ವ್ಯಾಪಾರಿಗಳ ಮೇಲಿನ ದೂರುಗಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ನಮ್ಮ ದೂರು ಈಗ ಅಲ್ಲಿದೆ. ಠೇವಣಿಯ ರಸೀದಿ ಇಲ್ಲದ ಕಾರಣ, ಮೊದಲ ದಿನ ನನ್ನ ಗಂಡ ತೆಗೆದಿದ್ದ ಆ ಮುರಿದ ಪಟ್ಟಿಯ ಫೋಟೊವನ್ನು ಲಗತ್ತಿಸಿದ್ದೇವೆ.