ಕಸಿಯ ಪಟ್ಟಿ ಸುತ್ತಿದ ದೇವಕಣಗಿಲೆಗೆ ಹಣ ಕೊಡುವ ಮುನ್ನ

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಹೂಗಿಡ ಬೆಳೆಸುವವರೆಲ್ಲರೂ ದಯವಿಟ್ಟು ಇದನ್ನು ಓದಬೇಕು. ಥಾಯ್ಲೆಂಡಿನ ಕಡುಕೆಂಪು ದೇವಕಣಗಿಲೆಯ ಕಸಿ ಗಿಡವೆಂದು ನಂಬಿಸಿ ನನಗೆ 850 ರೂಪಾಯಿಗೆ ಮಾರಿದ್ದು ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಕೇಳಿದರೆ ಪುಕ್ಕಟೆ ಸಿಗುವ ಬಿಳಿ ಹೂವಿನ ಗಿಡವನ್ನು.

ವ್ಯವಹಾರವೇನೋ ಎಂದಿನಂತೆಯೇ ನಡೆಯಿತು: ಫೋನಿಗೆ ಹೂವಿನ ಚಿತ್ರ ಬಂತು, ಹಣ ಹೋಯಿತು, ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಬಂತು. ಕಾಂಡಕ್ಕೆ ಕಸಿಯ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಈ ಗಿಡದ ಬೇರು ನೀರು ನಿಂತರೆ ಕೊಳೆಯುತ್ತದೆಂದು ಮರಳು, ಜಲ್ಲಿ ಬೆರೆಸಿದ ಕುಂಡದಲ್ಲಿ ನೆಟ್ಟು, ಮಳೆಗಾಲವಿಡೀ ಮಾಡಿನ ಕೆಳಗಿಟ್ಟು ಸಾಕಿದೆ. ಚಿಗುರಿದ ಎಲೆಗಳ ತುದಿ ದುಂಡಗಿತ್ತು. ಕೆಂಪು ಹೂವಿನ ಜಾತಿಗೆ ಸಾಮಾನ್ಯವಾಗಿ ಚೂಪು ತುದಿಯ ಎಲೆ. ವಿಚಾರಿಸಿದಾಗ "ವಿದೇಶಿ ತಳಿಯಲ್ಲವೇ, ಹಾಗೆಯೇ ಇರುತ್ತದೆ" ಎಂಬ ಉತ್ತರ ಬಂತು.

ಮನೆಯಲ್ಲಿ ಪೂಜೆಗೆ ನೆಂಟರಿಷ್ಟರು ಸೇರಿದ್ದ ದಿನವೇ ಮೊದಲ ಗೊಂಚಲು ಅರಳಬೇಕೇ! ಕೆಂಪು ಬರುತ್ತದೆ, ಕೆಂಪು ಬರುತ್ತದೆ ಎಂದು ನಾನು ಊರಿಗೆಲ್ಲ ಹೇಳಿಟ್ಟಿದ್ದ ಗಿಡದಲ್ಲಿ ನಡುವೆ ಹಳದಿಯಿರುವ ಅಚ್ಚ ಬಿಳಿಯ ಹೂ. "ಇದು ನಾಗಬನದ ಬದಿಯಲ್ಲಿರುವುದೇ ಅಲ್ಲವೇ?" ಎಂದು ನೆರೆಮನೆಯವರು ಎಲ್ಲರೆದುರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನೆಂಟರು ಹೋದ ಮೇಲೆ ಆ ಪಟ್ಟಿಯನ್ನು ಬಿಚ್ಚಿದೆ. ಕಸಿ ಕೂಡಿದಲ್ಲಿ ಓರೆಯಾಗಿಯೋ ಬೆಣೆಯಾಕಾರದಲ್ಲಿಯೋ ಗಾಯದ ಗುರುತು ಉಳಿದೇ ಉಳಿಯುತ್ತದೆ. ಇಲ್ಲಿ ಗುರುತೂ ಇಲ್ಲ, ಗಂಟೂ ಇಲ್ಲ, ಒಂದೇ ನುಣುಪು ಕಾಂಡ. ಬರಿಯ ಕಡ್ಡಿಗೆ ಪಟ್ಟಿ ಸುತ್ತಿ ಕಳುಹಿಸಿದ್ದರು! ಪಟ್ಟಿ ಸುತ್ತಿದ ಆ ಕೈಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲವೇ?

ಮಾರಿದವರಿಗೆ ಚಿತ್ರ ಕಳುಹಿಸಿ ಕೇಳಿದೆ. ಮೊದಲು, "ನಿಮ್ಮ ಮುರಕಲ್ಲಿನ ಮಣ್ಣಿನಿಂದ ಬಣ್ಣ ಬದಲಾಗಿದೆ" ಎಂದರು. ಬಿಸಿಲು, ಸೆಖೆಗೆ ಈ ಹೂವಿನ ಛಾಯೆ ತುಸು ಹೆಚ್ಚು ಕಡಿಮೆಯಾಗುವುದುಂಟು, ಕಡುಕೆಂಪು ಅಚ್ಚ ಬಿಳಿಯಾಗುವುದಿಲ್ಲ; ಅಲ್ಲದೆ ನನ್ನ ಕುಂಡದಲ್ಲಿ ಮುರಮಣ್ಣೇ ಇರಲಿಲ್ಲ. ಆಮೇಲೆ, "ಕಸಿ ಸತ್ತು ಬುಡದ ಗಿಡ ಚಿಗುರಿರಬೇಕು" ಎಂದರು. ಹಾಗಾಗುವುದುಂಟು, ಒಪ್ಪುತ್ತೇನೆ, ಆದರೆ ಬುಡದ ಗಿಡ ಚಿಗುರುವುದು ಕಸಿ ಕಟ್ಟಿದ ಜಾಗದ ಕೆಳಗಿನಿಂದ; ನನ್ನ ಗಿಡದ ಚಿಗುರುಗಳೆಲ್ಲ ಬಂದದ್ದು ಪಟ್ಟಿಯ ಮೇಲುಗಡೆಯಿಂದ. ಅದನ್ನು ತೋರಿಸಿದ ಮೇಲೆ ಎರಡು ದಿನ ಮೌನ. ಮೂರನೆಯ ದಿನ ಬಂದ ಸಂದೇಶ: "ಬೇಸರ ಬೇಡ, ನೀಲಿ ಹೂವಿನದ್ದು ಬಂದಿದೆ, ನಿಮಗೆ ರಿಯಾಯಿತಿಯಲ್ಲಿ ಕೊಡುತ್ತೇವೆ." ದೇವಕಣಗಿಲೆಯಲ್ಲಿ ನೀಲಿ ಹೂವೆಂಬುದೇ ಇಲ್ಲ, ಓಡಾಡುತ್ತಿರುವುದು ಬಣ್ಣ ತುಂಬಿದ ಚಿತ್ರಗಳು. ಹಣ ವಾಪಸು ಕೇಳಿದ್ದಕ್ಕೆ ನನ್ನ ಸಂಖ್ಯೆಯನ್ನೇ ತಡೆಹಿಡಿದರು.

ಬಣ್ಣ ಮುಖ್ಯವಾದರೆ ಹೂ ಬಿಟ್ಟು ನಿಂತ ಗಿಡವನ್ನು ಕಣ್ಣಾರೆ ನೋಡಿ ಕೊಳ್ಳಿ. ಬೀಜದ ಸಸಿಯನ್ನು ನಂಬಬೇಡಿ, ಅದು ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಖಾತರಿಯಿಲ್ಲ. ಕಸಿಯೆಂದರೆ ಕೂಡಿದ ಜಾಗವನ್ನು ತೋರಿಸಲು ಹೇಳಿ, ತೋರಿಸದವರಿಗೆ ಬಿಡಿಗಾಸೂ ಕೊಡಬೇಡಿ. ಬಿಳಿಯದ್ದೇ ಸಾಕೆನ್ನುವವರು ದೇವಸ್ಥಾನದಲ್ಲಿ ಕೇಳಿ ಒಂದು ಗೆಲ್ಲು ತಂದು, ಹಾಲು ಸೋರಿ ಕಡಿದ ಬಾಯಿ ಒಣಗುವವರೆಗೆ ವಾರ ಹತ್ತು ದಿನ ನೆರಳಲ್ಲಿಟ್ಟು ನೆಟ್ಟರೆ ಬದುಕುತ್ತದೆ. ಆ ಹಾಲು ಮೈಗೆ ತಾಗದಂತೆ ನೋಡಿಕೊಳ್ಳಿ, ತುರಿಸುತ್ತದೆ.